ಹಳೇ ಟೈರಿನ ಲೆಕ್ಕ

ಹುಮನಾಬಾದ್ ರಸ್ತೆಯ ಕ್ರಾಸಿನಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ.
ಹಿಂದುಗಡೆ ಸತ್ತ ಟೈರುಗಳ ಗುಡ್ಡ,
ಮಳೆಗೆ ಸೊಳ್ಳೆ, ಬಿಸಿಲಿಗೆ ರಬ್ಬರಿನ ನಾತ.
ಯಾರಿಗೆ ಬೇಕು ಇವು, ಅನ್ನುತ್ತಲೇ
ಹನ್ನೊಂದು ವರ್ಷ ಒಟ್ಟಿದ್ದೆ.

ಒಂಬತ್ತನೇ ಇಯತ್ತೆಯ ಮಹಾನಂದಾ ಬಂದು ಕೇಳಿದಳು:
"ವೈಜಿನಾಥ ಕಾಕಾ, ಒಂದು ಬಾವಿಗೆ ಎಷ್ಟು ಟೈರ್ ಹಿಡೀತಾವ?"
ಇಂಥ ಲೆಕ್ಕ ನನ್ನನ್ನು ಯಾರೂ ಕೇಳಿರಲಿಲ್ಲ.

ಹಿಂದಿನ ವಾರ ಘಾಳೆಪ್ಪನ ಹೊಲದ ಬಾವಿಗೆ ಚಿಗರಿ ಬಿದ್ದಿತ್ತು.
ಗಬ್ಬದ ಚಿಗರಿ.
ಬೆನ್ನ ಹಿಂದೆ ನಾಯಿಗಳು, ಮುಂದೆ ಕತ್ತಲು,
ನೆಲದ ಮಟ್ಟಕ್ಕೇ ಬಾಯಿ ತೆರೆದ ಬಾವಿ, ಕಟ್ಟೆಯಿಲ್ಲ.
ಹಗ್ಗ ಬಂತು, ಬಲೆ ಬಂತು,
ಬೀದರಿನಿಂದ ಸಂಸ್ಥೆಯವರು ಬಂದರು.
ಎಲ್ಲರೂ ಬಂದು ಬಗ್ಗಿ ನೋಡಿದಾಗ
ಅದು ಹೋಗಿಯಾಗಿತ್ತು.

ಸಂಸ್ಥೆ ಅಂದರೆ ದೊಡ್ಡ ಕಟ್ಟಡ ಅಂದುಕೊಂಡಿದ್ದೆ ನಾನು.
ಇದ್ದವರು ಇಬ್ಬರು: ನಸೀಮಾ ಮೇಡಂ, ಗಾಡಿ ಹೊಡೆಯುವ ಕಲ್ಲಪ್ಪ.
ಆ ಜೀಪು ನನಗೆ ಹಳೇ ಗುರುತು,
ಎಡಗಡೆ ಹಿಂದಿನ ಚಕ್ರಕ್ಕೆ ಮೂರು ಸಲ ಪ್ಯಾಚು ಹಾಕಿದವನು ನಾನೇ.
ಮತ್ತೆ ಒಂದು ಪಾವತಿ ಪುಸ್ತಕ.
ಐನೂರು ಕೊಟ್ಟರೂ ರಸೀದಿ, ಐದು ಕೊಟ್ಟರೂ ರಸೀದಿ.

ಮೇಡಂ ಭಾಷಣ ಮಾಡಲಿಲ್ಲ.
ಶಾಲೆಯ ಹುಡುಗರ ಕೈಗೆ ಉದ್ದನೆಯ ನೋಟುಬುಕ್ಕು ಕೊಟ್ಟು
"ಈ ಊರಾಗ ಕಟ್ಟಿ ಇಲ್ಲದ ಬಾವಿ ಎಷ್ಟವ, ನನಗ ಗೊತ್ತಿಲ್ಲ" ಅಂದರು.
ಗೊತ್ತಿಲ್ಲ ಅನ್ನುವ ದೊಡ್ಡವರನ್ನು
ಆ ಹುಡುಗರು ಅವತ್ತೇ ಮೊದಲು ಕಂಡಿದ್ದು.

ಎರಡು ಆದಿತ್ಯವಾರ ತೊಗರಿ ಸಾಲಿನಲ್ಲಿ ನುಗ್ಗಿ ನಡೆದರು.
ಬಾವಿ ನಾಲ್ಕು: ನೀರಿದೆ, ಹಗ್ಗ ಹರಿದಿದೆ.
ಬಾವಿ ಒಂಬತ್ತು: ಬಾವಲಿ. ತಿಪ್ಪಣ್ಣ ಅಂಜಿದ.
(ಅಂಜಿಲ್ಲ, ಅಂತ ಪಕ್ಕದಲ್ಲಿ ತಿಪ್ಪಣ್ಣನದೇ ಅಕ್ಷರ.)
ಬಾವಿ ಹದಿನಾರು: ಘಾಳೆಪ್ಪ ಮುತ್ಯಾ ಬೈದ.

"ನನ್ನ ಕಡ್ಲಿ ತಿನ್ನೋದು ಅದು.
ನಾ ಯಾಕ ಅದರ ಜೀವ ಕಾಯಲಿ?"
ಮಹಾನಂದಾ ಈ ಮಾತನ್ನು ಇದ್ದಂತೆ ಬರೆದಳು,
ಕೆಳಗೆ: ಉತ್ತರ ಸಿಕ್ಕಿಲ್ಲ.
ಮೇಡಂ ಓದಿದರು. ಹೊಡೆದು ಹಾಕಲಿಲ್ಲ.

ಒಟ್ಟು ಇಪ್ಪತ್ಮೂರು.
ಸುತ್ತಿಗೆ ಹದಿನಾಲ್ಕು ಟೈರು, ನಾಲ್ಕು ವರಸೆ, ಐವತ್ತಾರು.
ಲಾರಿಯ ಟೈರನ್ನು ಉರುಳಿಸುತ್ತ ಹೋದರು ಪೋರರು,
ಅವರಿಗಿಂತ ಟೈರೇ ಎತ್ತರ.
ಒಳಗೆ ಕೆಂಪು ಮುರುಮು ಜಡಿದು, ತುಳಿದು,
ಮೇಲೆ ಸುಣ್ಣ ಬಳಿದರು, ರಾತ್ರಿ ಓಡಿ ಬರುವ ಕಣ್ಣಿಗೆ ಕಾಣಲಿ ಅಂತ.
ಕತ್ತಲಲ್ಲಿ ದೂರದಿಂದ ನೋಡಿದರೆ
ಹೊಲದಾಗ ಯಾರೋ ಜೋಳದ ರೊಟ್ಟಿ ಮರೆತು ಹೋದಂಗ.

ಎಳ್ಳಮಾಸಿ ಮರುದಿನ ಘಾಳೆಪ್ಪ ತಾನೇ ಬಂದ.
ಚರಗ ಚೆಲ್ಲುವ ಗದ್ದಲದಲ್ಲಿ ಅವನ ಮರಿ
ಬಾವಿಯ ಅಂಚಿನಲ್ಲಿ ಜಾರಿ, ಹೇಗೋ ಉಳಿದಿತ್ತು.
"ಮ್ಯಾಕಿ ಸಲುವಾಗಿ ಮತ್ತ. ಚಿಗರಿ ಸಲುವಾಗಿ ಅಲ್ಲ. ಬರಕೋ."
ಆಕೆ ಬರಕೊಂಡಳು: ಮ್ಯಾಕಿ ಸಲುವಾಗಿ. ೫೬.
ಟೈರಿಗೆ ಓದಲು ಬರುವುದಿಲ್ಲ.

ಇನ್ನೂ ಹದಿನೇಳು ಬಾವಿ ಬಾಕಿ.
ನನ್ನಲ್ಲಿ ಟೈರು ಮುಗಿದವು.
ಜಹೀರಾಬಾದಿನ ಲಾರಿಯವರನ್ನು ಈಗ ನಾನೇ ಬೇಡುತ್ತೇನೆ,
ಸವೆದದ್ದು ಇದ್ದರೆ ಬಿಟ್ಟು ಹೋಗ್ರಿ ಅಂತ.

ನಿನ್ನೆ ನಸುಕಿನಲ್ಲಿ ಅಂಗಡಿಯ ಹಿಂದೆ ಹಲ್ಲುಜ್ಜುತ್ತ ನಿಂತೆ.
ಗುಡ್ಡ ಇದ್ದ ಜಾಗ ಬಯಲು.
ಅದರಾಚೆ ಒಣಹುಲ್ಲು, ಇಷ್ಟು ದಿನ ನನಗೆ ಕಾಣದೇ ಇದ್ದದ್ದು.
ಹುಲ್ಲಿನಲ್ಲಿ ಚಿಗರಿ.
ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡೇ ಎಣಿಸಿದೆ,
ಒಂಬತ್ತು, ಹತ್ತು,
ಒಂದು ಜಿಗಿಯಿತು, ಲೆಕ್ಕ ತಪ್ಪಿತು,
ಮೊದಲಿಂದ ಎಣಿಸಿದೆ.

ಬರೆಯಲು ಬೇರೆ ಏನೂ ಸಿಗದೆ
ಪಂಕ್ಚರ್ ಬಿಲ್ಲಿನ ಬೆನ್ನಿಗೆ ಬರೆದಿಟ್ಟಿದ್ದೇನೆ.
ಮಹಾನಂದಾ ಶಾಲೆ ಬಿಟ್ಟು ಬರುವ ಹೊತ್ತಿಗೆ
ಕೊಡಬೇಕು.