ಆರುನೂರಾ ಒಂದು ಕುದುರಿ

ಕೀಲಿ ಕೈಗೆ ಕೊಟ್ಟ ದಿವಸ ಕಲ್ಯಾಣಪ್ಪ ಸಾವ್ಕಾರ್ರು ಅಂದ್ರು:
“ಮಶಾಕ್, ಇದರಾಗ ಆರುನೂರು ಕುದುರಿ ಅವ.”
ನಾ ನಕ್ಕೆ. ನಮ್ಮಪ್ಪನ ಟಾಂಗಾಕ ಒಂದಿತ್ತು.
ಚಾಂದನಿ. ಬಲಗಣ್ಣಾಗ ಹೂ ಬಿದ್ದಿತ್ತು.
ಠೇಸನ್ನಿನಿಂದ ದರ್ಗಾಕ್ಕ, ದರ್ಗಾದಿಂದ ಠೇಸನ್ನಿಗೆ,
ಎಡಕ್ಕ ಎಳಿಯೂದು ಅದರ ಚಟ.

ಈ ಆರುನೂರಕ್ಕ ಹುಲ್ಲು ಬ್ಯಾಡ, ಲದ್ದಿ ಇಲ್ಲ,
ಮೈ ತಿಕ್ಕೂದಿಲ್ಲ. ಆದ್ರ ಕುಡೀತಾವ.
ಗಂಜಿನ ಸಂದ್ಯಾಗ ಲೀಟರಿಗೆ ನಾಕು ಕಿಲೋಮೀಟರ್.
ಸೂಪರ್ ಮಾರ್ಕೆಟ್ಟಿಗೆ ಒಮ್ಮೆ ಹೋಗಿ ಬರೂದ್ರಾಗ
ನನ್ನ ಒಂದು ವಾರದ ಸುಸಲಾ, ಮಿರ್ಚಿ, ಚಾ
ಹಿಂದಿನ ಕೊಳವಿಯಿಂದ ಧುಮ್ಮಂತ ಹೋಗಿಬಿಡ್ತಾವ.

ಖರೇ ಹೇಳ್ತೀನಿ, ಚಂದ ಅದ.
ನಾ ಹದಿನೆಂಟು ವರ್ಷ ಲಾರಿ ಹೊಡದಾಂವ.
ತೊಗರಿ ಚೀಲ ಹೇರಿ ದಿನ್ನಿ ಏರೂವಾಗ
ಎಂಜಿನ್ನು ಅಂಗಲಾಚೂದು ಕೇಳಿದಾಂವ.
ಇದು ಅಂಗಲಾಚಂಗಿಲ್ಲ.
ಕಾಲು ಇಡೂಕಿಂತ ಮೊದಲಽ ಇದಕ್ಕ ತಿಳೀತದ.
ಒಳಗ ಕುಂತ್ರ ಕಲಬುರಗಿ ಬ್ಯಾಸಗಿ ಅಂಬೂದು
ಗಾಜಿನ ಆಚೆ ನಡೆದ ಯಾರದೋ ಜಗಳ.

ಆದ್ರ ಟೈರು ಶಾಬಾದಿ ಪರಸಿಯಂಗ ತೆಳ್ಳಗ.
ಸ್ಟೆಪ್ನಿ ಇಟ್ಟೇ ಇಲ್ಲ.
ಕಮಲಾಪುರದ ಹತ್ರ ಒಂದು ಕುಣಿ, ಫಟ್ ಅಂತು.
ಪಂಚರ್ ಅಂಗಡಿ ಹುಡುಗ ಸುತ್ತ ತಿರುಗಿ ನೋಡಿದ,
ಮುಟ್ಟಲಿಲ್ಲ, ಫೋಟೋ ಹೊಡಕೊಂಡ.
ಟೈರು ಹೈದರಾಬಾದಿನಿಂದ ಬರೂತನಕ ಎರಡು ದಿನ
ಆರುನೂರೂ ಕೆಂಪು ಬಾಳಿಹಣ್ಣಿನ ಬಂಡಿ ಮಗ್ಗಲಕ
ಹಗ್ಗ ಇಲ್ದಽ ಕಟ್ಟಿದಂಗ ನಿಂತಿದ್ವು.

ಸಾವ್ಕಾರ್ರಿಗೆ ಅರವತ್ತೆರಡು. ಬೆನ್ನಾಗ ಎರಡು ಮಣಿ ಸವದಾವ.
ಗಾಡಿ ಓಡಾಕ ಹುಟ್ಟಿದ್ದು, ಅದಕ್ಕ ಕೆಳಗೆಲ್ಲ ಬಿರುಸು;
ಸಣ್ಣ ಹರಳೂ ಅವರ ಟೊಂಕಕ್ಕ ಹೆಸರು ಹೇಳಿ ಹೋಗ್ತದ.
“ಸಾವಕಾಶ, ಮಶಾಕ್, ಸಾವಕಾಶ.”
ಅವರು ಕುಂತಾಗ ಮುಳ್ಳು ಎಂದೂ ಅರವತ್ತು ದಾಟಿಲ್ಲ.
ಮುಸ್ಸಂಜಿಗೆ ದಾಲ್ ಮಿಲ್ಲಿನ ಅಂಗಳದಾಗ,
ಮಷಿನ್ ಬಂದಾದ ಮ್ಯಾಲ, “ಚಾಲೂ ಮಾಡು” ಅಂತಾರ.
ಕುರ್ಚಿ ಹಾಕ್ಕೊಂಡು, ಕಣ್ಣು ಮುಚ್ಚಿ,
ನಿಂತ ಗಾಡಿಯ ಗುಡುಗು ಕೇಳ್ತಾರ.
ತೊಗರಿ ಧೂಳು ಅವರ ಮ್ಯಾಲೂ ಅದರ ಮ್ಯಾಲೂ ಇಳೀತಿರತದ.

ಎಣ್ಣಿ ಬದಲಿಸಾಕೂ ಹೈದರಾಬಾದಿಗೇ ಹೋಗಬೇಕು.
ಹ್ವಾದ ತಿಂಗಳು ವಾಪಸ್ ತರೂವಾಗ ಒಬ್ಬನಽ ಇದ್ದೆ.
ಜಹೀರಾಬಾದ್ ದಾಟಿತ್ತು, ಹುಮನಾಬಾದ್ ಇನ್ನೂ ದೂರ,
ನಸುಕು, ಒಂದು ನರಪಿಳ್ಳಿ ಇಲ್ಲ.
ಕಾಲು ಒತ್ತಿದೆ.
ಏನು ಹೇಳ್ಲಿ.
ಬೆನ್ನು ಸೀಟಿನ ಒಳಗ ಹೋತು, ಎದಿ ಹಿಂದಽ ಉಳೀತು.
ಎರಡೂ ಕಡಿ ಕೆಂಪು ಹೊಲ ನೀರಾಗಿ ಹರದ್ವು.
ಎರಡುನೂರಾ ಹತ್ತು.
ಗಾಡಿಗೆ ಏನೂ ಅನಸಲಿಲ್ಲ.
ಅದಽ ನನಗ ಅಂಜಿಕಿ ಹುಟ್ಟಿಸ್ತು.
ಚಾಂದನಿ ಆಗಿದ್ರ ಬಾಯಾಗ ನೊರಿ ತಂದು
ಸಾಕು ಅಂತ ಹೇಳ್ತಿತ್ತು.

ಧಾಬಾದ ಮುಂದ ನಿಲ್ಲಿಸಿ ಇಳದೆ. ಬಾನೆಟ್ಟು ಬಿಸಿ.
ಒಳಗ ಏನೋ ಟಿಕ್ ಟಿಕ್ ಅಂತ ಆರತಿತ್ತು.
ತಿಳೀದಽ ಅಂಗೈ ಇಟ್ಟು ಸವರಿದೆ, ನಮ್ಮಪ್ಪ ಸವರಿದಂಗ.
ಧಾಬಾದಾಂವ ನೋಡ್ತಿದ್ದ.
ಇಲ್ಲಾಂದ್ರ ಒಂದು ಬಕೆಟ್ ನೀರು ಕೇಳೂವನಿದ್ದೆ.

ರಾತ್ರಿ ಸಾವ್ಕಾರ್ರು ಮೆಲ್ಲಕ ಕೇಳಿದ್ರು, “ಒತ್ತಿದೇನು?”
ಸಿಟ್ಟಿಲ್ಲ ದನಿಯಾಗ. ಜ್ವರ ಬಂದು ಮನ್ಯಾಗ ಉಳದ ಹುಡುಗ
ಆಟ ಯಾರು ಗೆದ್ದರು ಅಂತ ಕೇಳಿದಂಗ.
“ಹೌದ್ರಿ.”
“ಎಷ್ಟು?”
“ನೂರಾ ಅರವತ್ತು ಇರಬೇಕ್ರಿ.”
“ಹೇಳು,” ಅಂದ್ರು, ಟೊಂಕ ಹಿಡಕೊಂಡು ಕುರ್ಚಿ ಮುಂದ ಎಳದು.

ಹೇಳಿದೆ. ಹೊಲ, ನಸುಕು, ಎದಿ, ಸೀಟು.
ಮ್ಯಾಲಿನ ಐವತ್ತು ಮಾತ್ರ
ಕಿಸೆದಾಗ ಇಟಗೊಂಡು ಹೊಂಟೆ.
ಕಡೀ ಸಿಟಿ ಬಸ್ಸಿನಾಗ ಕಂಡಕ್ಟರ್
“ಚಿಲ್ಲರ ಅದ ಏನು?” ಅಂದಾಗ
ಯಾಕೋ ನಗಿ ಬಂತು.