ನಿಂತ ಗಂಟು

ಬಾಣೇರಿನ ಗಲ್ಲಿಯಲ್ಲಿ ನನ್ನದು ಫಾಲ್-ಪಿಕೋ ಅಂಗಡಿ.
ಒಂದು ಮಶಿನ್ನು, ಒಂದು ಸ್ಟೂಲು,
ಎದುರಿಗೆ ವಡಾಪಾವಿನ ಎಣ್ಣೆ, ದಿನವಿಡೀ ಚುರ್ ಎನ್ನುತ್ತ.

ಫುಮಿಯೆ ಮೊದಲ ಸಲ ಬಂದಾಗ
ಹಳೆಯ ರೇಷ್ಮೆ ಸೀರೆಯೊಂದನ್ನು ಮುಂದಿಟ್ಟು
ಚೌಕ ಚೌಕ ಕತ್ತರಿಸು ಎಂದಳು,
ಉದ್ದವೆಷ್ಟೋ ಅಗಲವೂ ಅಷ್ಟೇ.
ಸೀರೆ ಎಲ್ಲಾದರೂ ಚೌಕವಾಗುವುದೇ ತಾಯಿ?
ಅದು ಹರಿಯುವ ಜಾತಿ.
ಕತ್ತರಿ ಹಿಡಿದ ಕೈ ಒಂದು ಗಳಿಗೆ ತಡೆಯಿತು,
ಆಮೇಲೆ ಕೂಲಿ ನೆನಪಾಯಿತು.

ನಾವಿಬ್ಬರೂ ಆಡುವುದು ಮರಾಠಿ.
ಅವಳದು ಮನೆಗೆಲಸದ ಸುಲೂಬಾಯಿ ಕಲಿಸಿದ್ದು,
ನನ್ನದು ಇಪ್ಪತ್ತು ವರ್ಷ ಗಿರಾಕಿಗಳು ತಿದ್ದಿ ತಿದ್ದಿ
ಕೊನೆಗೆ ಕೈಬಿಟ್ಟದ್ದು.
ಅವಳ ಗಂಡನಿಗೆ ಚಾಕಣದ ಕಾರ್ಖಾನೆ,
ಅವಳಿಗೆ ಹನ್ನೊಂದನೇ ಮಹಡಿ ಮತ್ತು ಮಧ್ಯಾಹ್ನಗಳು.

ಆ ಮಧ್ಯಾಹ್ನಗಳಲ್ಲಿ ನನ್ನ ಕಟಿಂಗ್ ಮೇಜಿನ ಮೇಲೆ
ಬಟ್ಟೆ ಹರಡಿ ತೋರಿಸಿದಳು.
ಕಲ್ಲಂಗಡಿ ಜೋಳಿಗೆಯಲ್ಲಿ ಕೂತಿತು.
ಎರಡು ಶರಬತ್ತಿನ ಬಾಟಲಿಗಳು
ರಾಜಿಯಾದ ಓರಗಿತ್ತಿಯರಂತೆ
ಒಂದೇ ಚೌಕದಲ್ಲಿ ಮೈಗೆ ಮೈ ತಾಗದೆ ನಿಂತವು.
ಫುರೋಶಿಕಿ, ಎಂದಳು.
ಗಂಟು, ಎಂದೆ.
ವಾರದೊಳಗೆ ಓಣಿಯ ಹೆಂಗಸರೂ ಬಂದು
ಕೊತ್ತಂಬರಿ, ಮೆಂತೆ ಕಟ್ಟಿಸಿಕೊಂಡು ಹೋದರು.

ದೀಪಾವಳಿಗೆ ಒಂದು ಡಬ್ಬಿ ತಂದಳು, ನೀಲಿ ಬಟ್ಟೆಯಲ್ಲಿ.
ಬಿಚ್ಚಿ, ಡಬ್ಬಿ ನನ್ನ ಕೈಗಿಟ್ಟು,
ಬಟ್ಟೆ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು.
ಜಿಪುಣಿ, ಅಂದುಕೊಂಡೆ.
ಅವರಲ್ಲಿ ಅದೇ ರೀತಿಯಂತೆ, ಹೊದಿಕೆ ಕೊಟ್ಟವರದೇ.
ನಾನು ಅದೇ ಡಬ್ಬಿ ತುಂಬ ಶೇಂಗಾ ಹಿಂಡಿ ಹಾಕಿ
ಮಾರನೆಯ ದಿನ ತಿರುಗಿ ಕೊಟ್ಟೆ.
ಕೊಟ್ಟ ಡಬ್ಬಿ ವಾಪಸ್ಸು ಯಾಕೆ ಎಂದು ಅವಳು,
ಖಾಲಿ ಡಬ್ಬಿ ಮನೆಯಲ್ಲಿ ಹೇಗೆ ಎಂದು ನಾನು.
ಸಂಕ್ರಾಂತಿಯವರೆಗೂ ಅದು ಓಡಾಡಿಕೊಂಡೇ ಇತ್ತು.

ಒಂದು ದಿನ ಮಾತ್ರ, ನಾನು ಕಟ್ಟುತ್ತಿದ್ದಾಗ,
ಅವಳ ಕೈ ಥಟ್ಟನೆ ನನ್ನ ಕೈ ಹಿಡಿಯಿತು.
ಅವಳ ಗಂಟು ಅಡ್ಡ ಮಲಗುತ್ತದೆ,
ತುದಿ ಹಿಡಿದು ಜಗ್ಗಿದರೆ ಸುಮ್ಮನೆ ಜಾರಿ ಬರುತ್ತದೆ.
ನನ್ನದು ನೆಟ್ಟಗೆ ನಿಂತಿತ್ತು,
ಒಂದು ಕಿವಿ ಮೇಲೆ, ಒಂದು ಕೆಳಗೆ.
ಇದು ಬೇಡ, ಎಂದಳು, ಮರಾಠಿ ಹುಡುಕುತ್ತ,
ಇದು ಹೋದವರಿಗೆ. ಕೊನೆಯ ಉಡುಪಿಗೆ.

ನನಗೆ ಅವ್ವ ಕಂಡಳು.
ಗುಳೇದಗುಡ್ಡದ ಬೆಳಗಿನ ಐದು ಗಂಟೆ,
ಖಣದ ಮೂಟೆ ಹೊತ್ತು ಬದಾಮಿ ಸಂತೆಗೆ ಹೊರಟ ಅಪ್ಪ,
ನಾಲ್ಕು ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ,
ಹಳೇ ಧೋತರದ ತುಂಡು,
ಮೇಲೆ ಹಲ್ಲು ಕಚ್ಚಿ ಎಳೆದು ಬಿಗಿದ
ನಿಂತ ಗಂಟು.
ಹಸಿವಿ ಸತ್ತಮ್ಯಾಲೆ ಬಿಚ್ಚತೈತಿ ಇದು, ಎಂದು ಅಪ್ಪ.
ಲಗೂ ಬಿಚ್ಚಿದ್ರ ಊರ ದಾಟೂದ್ರಾಗ ತಿಂತೀರಿ, ಎಂದು ಅವ್ವ.

ಇಷ್ಟನ್ನು ಮರಾಠಿಯಲ್ಲಿ ಹೇಗೆ ಹೇಳಲಿ?
ನಮ್ಮಲ್ಲಿ ಇದು ಊಟಕ್ಕೆ, ಎಂದೆ.

ಫುಮಿಯೆ ಬಹಳ ಹೊತ್ತು ಸುಮ್ಮನಿದ್ದಳು.
ವಡಾಪಾವಿನವನು ಒಂದು ಘಾಣ ತೆಗೆದು ಇನ್ನೊಂದು ಬಿಟ್ಟ.
ಆಮೇಲೆ, ಕಟ್ಟಿ ತೋರಿಸು, ಎಂದಳು.

ಹಲ್ಲಿನಿಂದ ಎಳೆದು ತೋರಿಸಿದೆ.
ಅವಳೂ ಎಳೆದಳು,
ಲಿಪ್‌ಸ್ಟಿಕ್ಕಿನ ಸಣ್ಣ ಗುರುತು ಬಟ್ಟೆಗೆ ಹತ್ತಿತು.
ಒಳಗೆ ಇದ್ದದ್ದು ಖಾಲಿ ದಾರದ ಉಂಡೆ ಒಂದು, ಅಷ್ಟೇ.
ಆದರೂ ಬಿಚ್ಚಲು ಇಬ್ಬರಿಗೂ ಆಗಲಿಲ್ಲ.
ದಬ್ಬಳ ಹುಡುಕುತ್ತಿರುವಾಗ ಗಿರಾಕಿ ಬಂದಳು,
ಫಾಲ್ ಆಯಿತೇ ಎಂದು.
ಥಾಂಬಾ, ಎಂದೆವು,
ಇಬ್ಬರೂ, ತಲೆ ಎತ್ತದೆ.