ಎಡಕ್ಕೆ ಎಳೆಯುವವರು

ಬಿಚ್ಚಿದ ಬುಷ್ಷನ್ನು ಇನಾಸ್ ನನ್ನ ಅಂಗೈಗೆ ಇಟ್ಟ.
ಹದಿಮೂರು ವರ್ಷದ ರಬ್ಬರು,
ಹಿಂಡಿದರೆ ಹಳೇ ಹುಣಸೆಯಂತೆ ಎಳೆ ಬಿಟ್ಟಿತು.
ನಡುವಿನ ಕಬ್ಬಿಣದ ಕೊಳವೆ
ಬೀಳಲಿರುವ ಹಾಲುಹಲ್ಲು.

"ಇದನ್ನಿಟ್ಕೊಂಡು ಡ್ರೈವಿಂಗ್ ಕಲಿಸ್ತಿದ್ರಾ ಮಾಷ್ಟ್ರೇ?"

ಸಾಗರ ರಸ್ತೆಯ ಗ್ಯಾರೇಜು, ಮಧ್ಯಾಹ್ನ ಮೂರು.
ತಲೆಯ ಮೇಲೆ ಎಲ್ ಬೋರ್ಡು ಹೊತ್ತ ನನ್ನ ಮಾರುತಿ
ಕಂಬ ಕಂಡ ನಾಯಿಯ ಹಾಗೆ
ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿದೆ.

ಹೊಸವು ಕೆಂಪು. ಪಾಲಿಯುರೆಥೇನ್ ಎಂಬುದು
ಇನಾಸನ ಬಾಯಲ್ಲಿ ಬರೀ ಪಾಲಿ.
ಉಗುರೂರಿದರೆ ಗುರುತೇ ಇಲ್ಲ.
ಗ್ರೀಸು ಸವರಿ, ವೈಸಿನಲ್ಲಿ ಅದುಮಿ
ಕಂಟ್ರೋಲ್ ಆರ್ಮಿನ ಕಣ್ಣಿಗೆ ಕೂರಿಸಿದ,
ಸ್ಟೀರಿಂಗ್ ರ‍್ಯಾಕಿಗೂ ಎರಡು.
"ಗ್ರೀಸ್ ಒಣಗಿದ್ರೆ ಕಿರುಗುಡ್ತದೆ.
ರಸ್ತೆ ಸ್ವಲ್ಪ ಕೈಗೆ ಹೊಡೀತದೆ.
ಆದ್ರೆ ಸುಳ್ಳು ಹೇಳಲ್ಲ."

ಗಾಡಿಕೊಪ್ಪ ದಾಟಿ ಅರವತ್ತಕ್ಕೆ ಬಿಟ್ಟೆ.
ಡಾಂಬರಿನ ತೇಪೆ, ಎದ್ದ ಜಲ್ಲಿ
ಒಂದೊಂದೂ ಮಣಿಕಟ್ಟಿಗೆ ಬಂದು ಹೆಸರು ಹೇಳಿತು.
ಎರಡೂ ಕೈ ಬಿಟ್ಟೆ
(ಬೇರೆಯವರು ಬಿಟ್ಟರೆ ನಾನೇ ಬೈಯುತ್ತೇನೆ),
ಕಾರು ನೇರ ಹೋಯಿತು.

ಆಗ ನೆನಪಾದರು ತೇಜಾವತಿ ಮೇಡಂ,
ಹೆರಿಗೆ ವಾರ್ಡಿನ ನರ್ಸು.
ಹನ್ನೊಂದು ದಿನ ಬಂದಿದ್ದರು.
ಹನ್ನೊಂದು ದಿನವೂ ನಾನು ಕೂಗಿದ್ದು:
"ನೇರ ಹಿಡೀರಿ, ಯಾಕೆ ಎಡಕ್ಕೆ ಎಳೀತೀರಿ?"
"ನಾನು ಎಳೀತಿಲ್ಲ ಸರ್" ಎಂದರು, ಒಂದೇ ಸಲ.
ಹನ್ನೆರಡನೆಯ ದಿನ ಫೀಸಿನ ಬಾಕಿಯನ್ನು
ಯಾರದೋ ಕೈಲಿ ಕಳಿಸಿಕೊಟ್ಟರು.

ಫೋನಿನಲ್ಲಿ ಅವರ ಹೆಸರು ಇನ್ನೂ ಹಾಗೇ ಇದೆ:
ತೇಜಾವತಿ, ಎಡಕ್ಕೆ ಎಳೆಯುವವರು.

ಬದಿಗೆ ನಿಲ್ಲಿಸಿದೆ.
ಡ್ಯಾಶ್‌ಬೋರ್ಡಿನ ಮೇಲೆ ಆ ಹಳೆಯ ಬುಷ್ಷು.
ಏನಂತ ಶುರು ಮಾಡಲಿ?
ರಿಂಗಾಗುತ್ತಿದೆ.